ಎತ್ತುವುದು, ಎಬ್ಬಿಸುವುದು: ‘ಅಮೂರ್’ ಚಿತ್ರವನ್ನು ಒಬ್ಬ ನರ್ಸ್ ನೋಡಿದಾಗ

ಓದೋದಕ್ಕೆ ಮೊದಲು ಒಂದು ಕೆಲಸ ಮಾಡಿ. ಕುರ್ಚಿಯಲ್ಲಿ ಕೂತಿದ್ದೀರಿ ತಾನೆ? ಬೆನ್ನನ್ನೂ ತಲೆಯನ್ನೂ ಹಿಂದಕ್ಕೆ ಒರಗಿಸಿ. ಪಾದಗಳನ್ನು ಮುಂದಕ್ಕೆ ಚಾಚಿ. ಈಗ ಸ್ವಲ್ಪವೂ ಮುಂದೆ ಬಾಗದೆ ಎದ್ದು ನಿಲ್ಲಿ ನೋಡೋಣ.

ಆಗಲ್ಲ. ನಿಮಗೆ ಇಪ್ಪತ್ತೈದು ವರ್ಷ ಆಗಿದ್ದರೂ, ದಿನಾ ಜಿಮ್‌ಗೆ ಹೋಗುತ್ತಿದ್ದರೂ ಆಗಲ್ಲ. ಈಗ ನಿಮ್ಮ ಅಭ್ಯಾಸದ ಹಾಗೇ ಏಳಿ, ಆದರೆ ನಿಧಾನವಾಗಿ, ಏನೇನಾಗುತ್ತೆ ಅಂತ ಗಮನಿಸುತ್ತಾ. ಪಾದ ಹಿಂದೆ ಸರಿದು ಮೊಣಕಾಲಿನ ಕೆಳಗೆ ಬಂತು. ತಲೆ, ಎದೆ ಮುಂದೆ ಹೋದವು. ಮೂಗು ಕಾಲ್ಬೆರಳುಗಳ ನೇರಕ್ಕೆ ಬಂತು. ಕುಂಡಿ ಹಗುರವಾಯಿತು. ಆಮೇಲಷ್ಟೇ ನೀವು ಮೇಲಕ್ಕೆ ಹೋದಿರಿ. ಅಂದರೆ ಏಳುವುದು ಅನ್ನೋದು ಮೊದಲು ಮುಂದಕ್ಕೆ ಹೋಗುವುದು, ಮೇಲಕ್ಕೆ ಹೋಗುವುದು ಆಮೇಲೆ. ಜರ್ಮನಿಯಲ್ಲಿ ವೃದ್ಧರ ಆರೈಕೆ ಮಾಡುವ ನನಗೆ ಈ ಒಂದು ವಿಷಯ ಮೈಗೆ ಹತ್ತಲು ವರ್ಷಗಳೇ ಬೇಕಾದವು. ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದದ್ದು ಬೇರೆ, ಬೆಳಗಿನ ಶಿಫ್ಟ್‌ನಲ್ಲಿ ಕೈ ತಾನಾಗಿ ಮಾಡೋದು ಬೇರೆ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಿಖಾಯೆಲ್ ಹಾನೆಕೆಯ ‘ಅಮೂರ್’ ಚಿತ್ರದ ಬಗ್ಗೆ ಮಾತಾಡೋಣ. 2012ರಲ್ಲಿ ಬಂದ ಫ್ರೆಂಚ್ ಭಾಷೆಯ ಚಿತ್ರ. ಅದೇ ವರ್ಷ ಕಾನ್ ಉತ್ಸವದಲ್ಲಿ ಪಾಮ್ ದೋರ್ ಗೆದ್ದಿತು, ಮುಂದಿನ ವರ್ಷ ಆಸ್ಟ್ರಿಯಾದ ಪರವಾಗಿ ಆಸ್ಕರ್ ಕೂಡ. ಜರ್ಮನಿಯಲ್ಲಿ ಇದರ ಹೆಸರು ‘ಲೀಬೆ’. ಎರಡಕ್ಕೂ ಅರ್ಥ ಪ್ರೀತಿ. ಚಿತ್ರದ ಕೊನೆಯನ್ನೂ ಇಲ್ಲಿ ಹೇಳಿಬಿಡ್ತೀನಿ, ಬೇಡ ಅನ್ನುವವರು ಚಿತ್ರ ನೋಡಿ ಬನ್ನಿ. ಹಾಗೆ ನೋಡಿದರೆ ಹಾನೆಕೆ ತಾನೇ ಕೊನೆಯನ್ನು ಮೊದಲ ದೃಶ್ಯದಲ್ಲಿ ತೋರಿಸಿಬಿಡುತ್ತಾನೆ.

ಕಥೆ ಚಿಕ್ಕದು. ಪ್ಯಾರಿಸ್‌ನ ಹಳೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಜಾರ್ಜ್ ಮತ್ತು ಆನ್. ಎಂಬತ್ತು ದಾಟಿದ ದಂಪತಿ, ಇಬ್ಬರೂ ನಿವೃತ್ತ ಸಂಗೀತ ಶಿಕ್ಷಕರು. ಒಂದು ಬೆಳಗ್ಗೆ ತಿಂಡಿ ತಿನ್ನುವಾಗ ಆನ್ ಕೆಲವು ನಿಮಿಷ ಕಲ್ಲಾಗಿಬಿಡುತ್ತಾಳೆ. ಕುತ್ತಿಗೆಯ ರಕ್ತನಾಳದಲ್ಲಿ ಅಡ್ಡಿ ಇದೆ ಅಂತ ಆಪರೇಷನ್ ಆಗುತ್ತದೆ, ಅದು ಕೆಡುತ್ತದೆ. ಬಲಗಡೆ ಪೂರಾ ಲಕ್ವ. ವೀಲ್‌ಚೇರಿನಲ್ಲಿ ಮನೆಗೆ ಬಂದವಳು ಗಂಡನಿಂದ ಒಂದು ಮಾತು ತೆಗೆದುಕೊಳ್ಳುತ್ತಾಳೆ: ಇನ್ನು ಆಸ್ಪತ್ರೆಗೆ ಕಳಿಸಬಾರದು. ಅಲ್ಲಿಂದ ಮುಂದೆ ಒಂದು ದೇಹ ಇನ್ನೊಂದು ದೇಹವನ್ನು ನೋಡಿಕೊಳ್ಳುವುದೇ ಚಿತ್ರ.

ಈ ಚಿತ್ರದ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಕೊನೆಯ ಆ ಒಂದು ಕೃತ್ಯದ ಸುತ್ತ ಸುತ್ತುತ್ತವೆ. ದಯೆಯೋ ಕೊಲೆಯೋ ಅನ್ನುವ ಪ್ರಶ್ನೆ. ದೊಡ್ಡ ಪ್ರಶ್ನೆಯೇ. ಆದರೆ ಅಲ್ಲಿಗೆ ತಲುಪುವ ಮೊದಲು ಜಾರ್ಜ್ ಆನ್‌ಳನ್ನು ಎಷ್ಟೋ ಸಲ ಕುರ್ಚಿಯಿಂದ, ಹಾಸಿಗೆಯಿಂದ, ಕಮೋಡಿನಿಂದ ಏಳಿಸಿರುತ್ತಾನೆ. ನನ್ನ ಕಣ್ಣು ಅಲ್ಲೇ ನಿಂತಿತು.

ಮೊದಲ ಸಲ ಅವನು ಅವಳನ್ನು ವೀಲ್‌ಚೇರಿನಿಂದ ಸೋಫಾ ಕುರ್ಚಿಗೆ ಕೂರಿಸುವ ದೃಶ್ಯ ನೋಡಿ. ಬಾಗುತ್ತಾನೆ, ಅವಳು ಅವನ ಕೊರಳಿಗೆ ತೋಳು ಹಾಕುತ್ತಾಳೆ, ಅವನು ತೋಳುಗಳಲ್ಲಿ ಸುತ್ತಿ ಹಿಡಿದು ಎತ್ತುತ್ತಾನೆ. ಒಂದು ಗಳಿಗೆ ಇಬ್ಬರೂ ಎದೆಗೆದೆ ಕೊಟ್ಟು ನಿಲ್ಲುತ್ತಾರೆ. ಪುಟ್ಟ ಪುಟ್ಟ ಹೆಜ್ಜೆ. ನಿಧಾನವಾಗಿ ಇಳಿಸುತ್ತಾನೆ. ವಯಸ್ಸಾದ ಇಬ್ಬರು ನೃತ್ಯ ಮಾಡಿದ ಹಾಗೆ ಕಾಣುತ್ತದೆ, ಸುಂದರವಾಗಿಯೂ ಇದೆ. ನಾನು ಮಾತ್ರ ಸೀಟಿನ ಅಂಚಿಗೆ ಬಂದಿದ್ದೆ. ಅವಳ ಎಡಗಾಲು ಚೆನ್ನಾಗಿದೆಯಲ್ಲ? ಅದಕ್ಕೆ ಯಾರೂ ಕೆಲಸ ಕೊಡಲಿಲ್ಲವಲ್ಲ? ಮತ್ತೆ ಅವನ ಬೆನ್ನಿನ ಗತಿ ಏನು?

ಇಲ್ಲಿ ಕನ್ನಡ ಕಲಿಯುತ್ತಿರುವವರಿಗೆ ಸ್ವಲ್ಪ ವ್ಯಾಕರಣ. ನಮ್ಮಲ್ಲಿ ಎರಡು ಮಾತುಗಳಿವೆ. ಅಕ್ಕಿ ಮೂಟೆಯನ್ನು ‘ಎತ್ತು’ತ್ತೇವೆ, ಮಗುವನ್ನೂ ಎತ್ತುತ್ತೇವೆ, ಸೂಟ್‌ಕೇಸನ್ನೂ. ಆದರೆ ಮನುಷ್ಯರನ್ನು ‘ಎಬ್ಬಿಸು’ತ್ತೇವೆ. ನಿದ್ದೆಯಿಂದಲೂ ಎಬ್ಬಿಸುತ್ತೇವೆ, ಕೂತಲ್ಲಿಂದಲೂ ಎಬ್ಬಿಸುತ್ತೇವೆ. ಏಳು – ಎಬ್ಬಿಸು, ಕೂರು – ಕೂರಿಸು, ಹೊರಳು – ಹೊರಳಿಸು, ನಡೆ – ನಡೆಸು. ಕನ್ನಡ ತರಗತಿಯಲ್ಲಿ ಇದಕ್ಕೆ ಪ್ರೇರಣಾರ್ಥಕ ಅಂತ ಹೇಳಿಕೊಟ್ಟಿರುತ್ತಾರೆ. ಪ್ರೇರಣೆ ಅನ್ನೋ ಮಾತು ನೋಡಿ. ಎಬ್ಬಿಸುವವರು ಪ್ರೇರಣೆ ಕೊಡುತ್ತಾರೆ, ಏಳುವವರು ಏಳುತ್ತಾರೆ. ಎಬ್ಬಿಸುವುದರ ಒಳಗೆ ಇನ್ನೊಬ್ಬರ ಏಳುವಿಕೆ ಇರಲೇಬೇಕು. ಎತ್ತುವುದರಲ್ಲಿ ಅದು ಬೇಕಿಲ್ಲ, ಮೂಟೆ ಏನೂ ಮಾಡಬೇಕಾಗಿಲ್ಲ.

‘ಅಮೂರ್’ ನನ್ನ ಪಾಲಿಗೆ ಎಬ್ಬಿಸುವುದು ಎತ್ತುವುದಾಗಿ ಬದಲಾಗುವ ಕಥೆ. ಆ ಬದಲಾವಣೆಗೆ ರೋಗ ಒಂದೇ ಕಾರಣ ಅಂತ ಚಿತ್ರ ನಂಬಿಸುತ್ತದೆ. ನನ್ನ ತಕರಾರು ಅಲ್ಲಿದೆ.

ಹಾಗಾದರೆ ಬೇರೆ ದಾರಿ ಏನಿತ್ತು? ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ನರ್ಸಿಂಗ್ ಕೆಲಸಕ್ಕೆ ಬಂದವರು ‘ಕಿನೆಸ್ತೆಟಿಕ್’ ಅನ್ನುವ ಹೆಸರನ್ನು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ಫ್ರಾಂಕ್ ಹ್ಯಾಚ್, ಲೆನಿ ಮಾಯೆಟಾ ಎಂಬ ಇಬ್ಬರು ಅಮೆರಿಕನ್ನರು ಬೆಳೆಸಿದ ಪದ್ಧತಿ ಇದು. ಬೇರು ಬಿಟ್ಟಿದ್ದು ಮಾತ್ರ ಜರ್ಮನ್ ಮಾತಾಡುವ ದೇಶಗಳಲ್ಲಿ, 1980ರ ದಶಕದಿಂದ. ಹ್ಯಾಚ್ ನೃತ್ಯದ ಹಿನ್ನೆಲೆಯಿಂದ ಬಂದವರು, ಅದು ಗೊತ್ತಾದ ಮೇಲೆ ಪದ್ಧತಿಯ ಎಷ್ಟೋ ವಿಷಯ ಅರ್ಥವಾಗುತ್ತದೆ. ಅವರ ಪ್ರಕಾರ ದೇಹ ಅಂದರೆ ಕೆಲವು ಭಾರದ ಭಾಗಗಳು: ತಲೆ, ಎದೆ, ಸೊಂಟದ ಮೂಳೆಗೂಡು, ಎರಡು ತೋಳು, ಎರಡು ಕಾಲು. ಅವುಗಳ ನಡುವೆ ತೆರಪುಗಳು: ಕುತ್ತಿಗೆ, ನಡು, ಕಂಕುಳು, ತೊಡೆಸಂದು. ಚಲನೆ ಅಂದರೆ ಭಾರ ಒಂದು ಭಾಗದಿಂದ ಇನ್ನೊಂದಕ್ಕೆ ಹರಿಯುವುದು, ಅದು ಹರಿಯಬೇಕಾದರೆ ತೆರಪುಗಳು ಬಿಡುವಾಗಿರಬೇಕು. ಹಿಡಿಯುವುದಾದರೆ ಭಾರದ ಭಾಗಗಳನ್ನು ಹಿಡಿ, ತೆರಪುಗಳನ್ನು ಮುಚ್ಚಬೇಡ. ಕಂಕುಳ ಕೆಳಗೆ ಕೈ ಹಾಕಿ ಮೇಲಕ್ಕೆ ಎಳೆದರೆ ಏನಾಗುತ್ತೆ ಹೇಳಿ? ತೆರಪು ಬಂದ್. ಎದೆ ಮುಂದೆ ಬಾಗುವ ಹಾಗಿಲ್ಲ, ಭಾರ ಪಾದಕ್ಕೆ ಇಳಿಯುವ ಹಾಗಿಲ್ಲ. ಆ ಮನುಷ್ಯ ಈಗ ನಿಜವಾಗಿಯೂ ಮೂಟೆ. ನೀವು ಶುರುವಿನಲ್ಲಿ ಕುರ್ಚಿಯ ಬೆನ್ನಿಗೆ ತಲೆ ಒರಗಿಸಿಕೊಂಡು ಏಳಲಾಗದೆ ಒದ್ದಾಡಿದಿರಲ್ಲ, ಅದೇ ಸ್ಥಿತಿ. ಲಕ್ವ ಆದವರಿಗಾದರೆ ಇನ್ನೊಂದು ಅಪಾಯವೂ ಇದೆ. ಸೋತ ತೋಳನ್ನು ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ, ಆಮೇಲೆ ಆ ನೋವು ತಿಂಗಳುಗಟ್ಟಲೆ.

ಈ ಪದ್ಧತಿಯ ಭಕ್ತೆ ಏನಲ್ಲ ನಾನು. ಇದರ ಪರಿಣಾಮದ ಬಗ್ಗೆ ಗಟ್ಟಿಯಾದ ಸಂಶೋಧನೆ ಕಡಿಮೆ, ಕೋರ್ಸ್ ಮುಗಿಸಿದ ಕೆಲವರು ಅದನ್ನೊಂದು ಧರ್ಮದ ಹಾಗೆ ಮಾತಾಡುವುದು ನನಗೆ ಹಿಡಿಸಲ್ಲ. ಆದರೆ ಅದು ಕಲಿಸಿದ ಒಂದು ಪ್ರಶ್ನೆಯನ್ನು ಬಿಡಲಾಗಿಲ್ಲ: ಈ ಚಲನೆಯಲ್ಲಿ ಇವರ ಪಾಲು ಯಾವುದು?

ಆನ್‌ಳ ಪಾಲು ದೊಡ್ಡದೇ ಇರಬಹುದಿತ್ತು. ಎಡಗೈ, ಎಡಗಾಲು, ಗಟ್ಟಿ ಬುದ್ಧಿ, ಅದಕ್ಕಿಂತ ಗಟ್ಟಿಯಾದ ಹಟ. ವೀಲ್‌ಚೇರನ್ನು ಅವಳ ಎಡಗಡೆಗೆ ಓರೆಯಾಗಿ ತಂದಿಟ್ಟು, ಬ್ರೇಕ್ ಹಾಕಿ, ಅವಳನ್ನು ಸೀಟಿನ ಅಂಚಿಗೆ ಸರಿಸಿ, ಪಾದ ಹಿಂದಕ್ಕೆ ಇಡಿಸಿ, ಅವನು ಎದುರಿಗೆ ಕೂತು ‘ನನ್ನ ಕಡೆ ಬಾಗು’ ಅಂದಿದ್ದರೆ ಅವಳು ಎಡಗಾಲಿನ ಮೇಲೆ ಒಂದು ಕ್ಷಣ ನಿಂತು ತಿರುಗಿ ಕೂರಬಹುದಿತ್ತು. ಸಿನಿಮಾದ ಪಾತ್ರಕ್ಕೆ ನರ್ಸಿಂಗ್ ಪಾಠ ಹೇಳ್ತಿದ್ದೀನಿ ಅಂತ ನಗಬೇಡಿ. ಹಾನೆಕೆ ಪ್ರತಿಯೊಂದು ವಿವರವನ್ನೂ ಅಳೆದು ಇಡುವ ನಿರ್ದೇಶಕ. ಅವನ ಚಿತ್ರದಲ್ಲಿ ಏನು ಇಲ್ಲ ಅನ್ನೋದಕ್ಕೂ ಲೆಕ್ಕ ಇರುತ್ತದೆ.

ಏನು ಇಲ್ಲ ಅಂದರೆ, ಜಾರ್ಜ್ ಕಲಿಯುವುದು ಇಲ್ಲ. ಹಾಸಿಗೆಯಲ್ಲಿ ಮಲಗಿದ ಆನ್‌ಳ ಕಾಲನ್ನು ಅವನು ಮಡಿಚಿ ನೀಡಿ ವ್ಯಾಯಾಮ ಮಾಡಿಸುವ ಒಂದು ದೃಶ್ಯವಿದೆ. ಯಾರೋ ಹೇಳಿಕೊಟ್ಟಿರಲೇಬೇಕು, ಆದರೆ ಆ ಯಾರೋ ತೆರೆಯ ಮೇಲೆ ಬರುವುದಿಲ್ಲ. ಚಿತ್ರದಲ್ಲಿ ಹೊರಗಿನವರು ಅವನಿಗೆ ಕೈಹಿಡಿದು ಕಲಿಸುವುದು ನಾನು ಕಂಡ ಹಾಗೆ ಒಂದೇ ಒಂದು ವಿಷಯ: ಆನ್‌ಳನ್ನು ಪಕ್ಕಕ್ಕೆ ಹೊರಳಿಸಿ ಡೈಪರ್ ಕಟ್ಟುವುದು. ಅಷ್ಟು ಹೊತ್ತಿಗೆ ಅವಳಿಗೆ ಇನ್ನೊಂದು ಏಟು ಬಿದ್ದಿದೆ, ಮಾತೂ ಕೆಟ್ಟಿದೆ. ಅವಳು ಏಳುವುದಕ್ಕೆ ಯಾರೂ ತರಬೇತಿ ಕೊಡಲಿಲ್ಲ, ಮಲಗಿರುವುದಕ್ಕೆ ಕೊಟ್ಟರು. ಇದು ಹಾನೆಕೆಯ ಟೀಕೆಯೋ ಅಥವಾ ಅವನ ಕುರುಡೋ ಅಂತ ಎರಡು ಸಲ ನೋಡಿದ ಮೇಲೂ ನನಗೆ ತೀರ್ಮಾನಿಸಲು ಆಗಿಲ್ಲ. ಕುರುಡು ಅನ್ನುವ ಕಡೆಗೇ ಮನಸ್ಸು ವಾಲುತ್ತದೆ. ಯಾಕೆಂದರೆ ಪ್ರೀತಿಯನ್ನು ಈ ಚಿತ್ರ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಅಂತ ತಿಳಿದಿದೆ. ಹೊರಗಿನಿಂದ ಬರುವವರೆಲ್ಲ ಹೆಚ್ಚುಕಡಿಮೆ ನುಗ್ಗಿದವರೇ.

ನುಗ್ಗಿದವರಲ್ಲಿ ತೀರಾ ಕೆಟ್ಟವಳು ಎರಡನೆಯ ನರ್ಸ್. ಆನ್‌ಳ ತಲೆ ಬಾಚುತ್ತಾಳೆ, ಒರಟಾಗಿ, ಮೇಲೆ ಕನ್ನಡಿ ಬೇರೆ ತೋರಿಸುತ್ತಾಳೆ. ಜಾರ್ಜ್ ಅವಳನ್ನು ಕೆಲಸದಿಂದ ತೆಗೆಯುತ್ತಾನೆ, ನಿನಗೂ ಒಂದು ದಿನ ಇದೇ ಗತಿ ಬರಲಿ ಅನ್ನುವ ಅರ್ಥದ ಮಾತು ಹೇಳಿ ಕಳಿಸುತ್ತಾನೆ. ಥಿಯೇಟರಿನಲ್ಲಿ ಎಲ್ಲರಿಗೂ ಸಮಾಧಾನ ಆಗುವ ದೃಶ್ಯ. ನನಗೂ ಆಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಇಳಿಯಿತು.

ಯಾಕೆ ಅಂತ ಹೇಳ್ತೀನಿ. ನಾನು ಕೆಲಸ ಮಾಡುವ ಕಡೆ ಒಂದು ಬೆಳಗ್ಗೆ ಇಬ್ಬರು ಹುಷಾರಿಲ್ಲ ಅಂತ ರಜೆ. ತಿಂಡಿಯ ಹೊತ್ತಿಗೆ ಎಲ್ಲರನ್ನೂ ತಯಾರು ಮಾಡಬೇಕು. ಸೊಂಟ ಮುರಿದು ಆಪರೇಷನ್ ಆಗಿ ಬಂದಿದ್ದ ಒಬ್ಬ ಅಜ್ಜಿ ಇದ್ದರು. ಏಳುತ್ತಿದ್ದರು, ಆದರೆ ಅವರದೇ ವೇಗದಲ್ಲಿ. ಹಾಸಿಗೆಯ ಅಂಚಿಗೆ ಬರೋದಕ್ಕೇ ಮೂರ್ನಾಲ್ಕು ನಿಮಿಷ, ನಡುವೆ ಒಂದು ಮಾತು, ಒಂದು ನಿಟ್ಟುಸಿರು. ಆ ದಿನ ನನ್ನ ಹತ್ತಿರ ಆ ನಿಮಿಷಗಳು ಇರಲಿಲ್ಲ. ಕಂಕುಳ ಕೆಳಗೆ ಕೈ ಹಾಕಿದೆ, ಎತ್ತಿದೆ, ಕೂರಿಸಿದೆ. ಅವರು ಏನೂ ಅನ್ನಲಿಲ್ಲ. ಹಾಗೇ ಎರಡು ಮೂರು ದಿನ ನಡೆಯಿತು. ನಾಲ್ಕನೆಯ ದಿನ ನಾನು ಬಾಗಿಲು ತೆರೆದಾಗ ಅವರು ಎರಡೂ ತೋಳು ಎತ್ತಿ ಹಿಡಿದು ಕಾಯುತ್ತಿದ್ದರು, ಎತ್ತಿಕೋ ಅನ್ನುವ ಮಗುವಿನ ಹಾಗೆ. ಅವರಿಗೆ ಏಳುವುದನ್ನು ಮರೆಸಿದ್ದು ವಯಸ್ಸಲ್ಲ, ನಾನು. ಮತ್ತೆ ಅವರನ್ನು ಮೊದಲಿನ ಹಾಗೆ ಎಬ್ಬಿಸಲು ವಾರಗಳು ಹಿಡಿದವು. ಪೂರ್ತಿ ಮೊದಲಿನ ಹಾಗೆ ಆಗಲೂ ಇಲ್ಲ.

ಹಾಸಿಗೆ ಹಿಡಿದರೆ ಮೈ ಬಹಳ ಬೇಗ ಬಿಟ್ಟುಕೊಡುತ್ತದೆ. ಮಾಂಸಖಂಡ ಕರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನಿನಲ್ಲಿ ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ, ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾ ಬರುತ್ತದೆ. ಇದನ್ನೆಲ್ಲ ತಡೆಯುವ ಔಷಧಿ ಅಂದರೆ ಅಲುಗಾಟ. ಜರ್ಮನಿಯ ನರ್ಸಿಂಗ್ ಗುಣಮಟ್ಟದ ಜಾಲ ರೋಗಿಗಳ ಚಲನಶೀಲತೆಯನ್ನು ಉಳಿಸಿ ಬೆಳೆಸುವುದಕ್ಕೆಂದೇ ಒಂದು ಪರಿಣತ ಮಾನದಂಡ ಮಾಡಿದೆ, 2020ರಲ್ಲಿ ಅದನ್ನು ಪರಿಷ್ಕರಿಸಿದೆ. ಆದರೆ ಇದೇ ದೇಶದಲ್ಲಿ ಯಾರಿಗೆ ಎಷ್ಟು ಆರೈಕೆ ಬೇಕು ಅಂತ ಅಳೆಯುವ ಲೆಕ್ಕದಲ್ಲಿ ಚಲನೆಗೆ ಇರುವ ತೂಕ ಶೇಕಡಾ 10, ಸ್ನಾನ ಊಟ ಬಟ್ಟೆಗಳಿಗೆ ಶೇಕಡಾ 40. ಲೆಕ್ಕ ಹಾಕಿದವರಿಗೆ ಅವರ ಕಾರಣಗಳಿರಬಹುದು. ಕೆಲಸ ಮಾಡುವವರಿಗೆ ಗೊತ್ತು, ಸ್ನಾನ ಅಂದರೂ ಚಲನೆಯೇ, ಅಂಗಿ ತೊಡಿಸುವುದೂ ಚಲನೆಯೇ. ತೋಳಿಗೆ ಅಂಗಿ ತೂರಿಸುವುದೋ, ತೋಳು ತಾನೇ ಅಂಗಿಯೊಳಗೆ ಹೋಗಲು ಕಾಯುವುದೋ ಅನ್ನುವುದಷ್ಟೇ ವ್ಯತ್ಯಾಸ.

ಕಾಯುವುದು. ಹಾನೆಕೆಯ ಚಿತ್ರದ ನಿಜವಾದ ದೊಡ್ಡತನ ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಅವನ ಕ್ಯಾಮೆರಾ ಕಾಯುತ್ತದೆ. ಆನ್ ಒಂದು ತುತ್ತು ನುಂಗುವವರೆಗೆ, ಜಾರ್ಜ್ ಕಾರಿಡಾರ್ ದಾಟುವವರೆಗೆ, ಇಬ್ಬರೂ ಕಮೋಡಿನಿಂದ ಎದ್ದು ಒಳ ಉಡುಪು ಮೇಲೆತ್ತಿಕೊಳ್ಳುವವರೆಗೆ ಕತ್ತರಿ ಹಾಕುವುದಿಲ್ಲ. ಸಿನಿಮಾಗಳಲ್ಲಿ ರೋಗಿ ಒಂದು ಶಾಟ್‌ನಲ್ಲಿ ಹಾಸಿಗೆಯ ಮೇಲೆ, ಮುಂದಿನ ಶಾಟ್‌ನಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ನಡುವಿನ ಹತ್ತು ನಿಮಿಷ ಎಡಿಟಿಂಗ್ ಟೇಬಲ್ಲಿನಲ್ಲಿ ಮಾಯ. ನಮ್ಮ ದಿನದ ಕೆಲಸವೆಲ್ಲ ಇರುವುದು ಆ ಮಾಯವಾದ ಹತ್ತು ನಿಮಿಷದಲ್ಲಿ. ‘ಅಮೂರ್’ ಅದನ್ನು ವಾಪಸ್ ಕೊಡುತ್ತದೆ. ಎಮಾನ್ಯುಯೆಲ್ ರಿವಾ, ಝಾಂ-ಲೂಯಿ ತ್ರಾಂತಿನ್ಯಾಂ ಇಬ್ಬರಿಗೂ ಆಗ ಎಂಬತ್ತು ದಾಟಿತ್ತು, ತ್ರಾಂತಿನ್ಯಾಂ ಅವರ ನಡಿಗೆಯ ತೊಡಕು ನಟನೆ ಅಂತ ಅನ್ನಿಸುವುದೇ ಇಲ್ಲ. ರಿವಾ ಅವರ ನಟನೆಯಲ್ಲಿ ಬಲಗೈ ಹೇಗೆ ಮಡಿಲಿನಲ್ಲಿ ಬಿದ್ದಿರುತ್ತದೆ ನೋಡಿ. ತಮ್ಮದಲ್ಲದ ವಸ್ತುವನ್ನು ಯಾರೋ ಇಟ್ಟು ಹೋದ ಹಾಗೆ. ಎಷ್ಟೋ ಜನರ ಮಡಿಲಿನಲ್ಲಿ ನಾನು ಆ ಕೈಯನ್ನು ಕಂಡಿದ್ದೇನೆ. 2013ರ ಆಸ್ಕರ್ ಸಮಾರಂಭದ ದಿನವೇ ರಿವಾ ಅವರಿಗೆ 86 ತುಂಬಿತು, ಪ್ರಶಸ್ತಿ ಬೇರೆಯವರ ಪಾಲಾಯಿತು. ನನಗೆ ಇವತ್ತಿಗೂ ಸಿಟ್ಟಿದೆ.

ಚಿತ್ರದಲ್ಲಿ ಒಂದೇ ಒಂದು ಖುಷಿಯ ಚಲನೆ ಇದೆ. ಬ್ಯಾಟರಿ ವೀಲ್‌ಚೇರ್ ಬಂದ ಹೊಸದರಲ್ಲಿ ಆನ್ ಅದನ್ನು ಗಿರ್ರನೆ ತಿರುಗಿಸಿ ಆಟವಾಡುತ್ತಾಳೆ. ಹತ್ತು ವರ್ಷದ ಹುಡುಗಿಯ ಹಾಗೆ. ಆ ಕೆಲವು ಸೆಕೆಂಡುಗಳಲ್ಲಿ ಯಾರೂ ಅವಳನ್ನು ಎತ್ತುತ್ತಿಲ್ಲ, ತಳ್ಳುತ್ತಿಲ್ಲ. ಮುಂದೆ ಹಾಸಿಗೆ ಒದ್ದೆಯಾದ ಅವಮಾನದಲ್ಲಿ ಅದೇ ಕುರ್ಚಿಯನ್ನು ಎಲ್ಲಿಗೆಂದರಲ್ಲಿಗೆ ಗುದ್ದಿಸುತ್ತಾಳೆ. ಖುಷಿಗೂ ಸಿಟ್ಟಿಗೂ ಅವಳ ಹತ್ತಿರ ಉಳಿದಿದ್ದ ದೇಹ ಅದೊಂದೇ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ, ಅಂದರೆ ನಮ್ಮ ವಿಷಯಕ್ಕೆ. ಈ ದಂಪತಿಗೆ ಎವಾ ಅಂತ ಒಬ್ಬ ಮಗಳಿದ್ದಾಳೆ. ಇಸಾಬೆಲ್ ಉಪೆರ್ ಮಾಡಿದ ಪಾತ್ರ. ಹೊರದೇಶದಲ್ಲಿ ಇರುವವಳು, ಆಗೀಗ ಬರುತ್ತಾಳೆ. ಮಾತು ಹೋದ ತಾಯಿಯ ಪಕ್ಕ ಕೂತು ಮನೆಯ ಬೆಲೆ, ಹಣ ಹೂಡುವುದು ಅಂತ ಏನೇನೋ ಮಾತಾಡುತ್ತಾಳೆ. ತಂದೆಯ ಮೇಲೆ ರೇಗುತ್ತಾಳೆ, ಏನಾದರೂ ಮಾಡಬೇಕಲ್ಲ ಅನ್ನುತ್ತಾಳೆ. ನಿನ್ನ ಚಿಂತೆಯಿಂದ ನನಗೆ ಉಪಯೋಗವಿಲ್ಲ ಅನ್ನುವ ಧಾಟಿಯಲ್ಲಿ ಅವನು ಉತ್ತರ ಕೊಡುತ್ತಾನೆ. ಚಿತ್ರ ಅವಳನ್ನು ತಣ್ಣಗೆ ನೋಡುತ್ತದೆ. ನನಗೆ ಎವಾಳ ಮೇಲೆ ಸಿಟ್ಟು ಬರಲಿಲ್ಲ. ಅವಳಿಗೆ ಯಾವ ಪ್ರಶ್ನೆ ಕೇಳಬೇಕು ಅಂತ ಗೊತ್ತಿರಲಿಲ್ಲ, ಅಷ್ಟೇ.

ನನಗೂ ಗೊತ್ತಿರಲಿಲ್ಲ. ಊರಿನಲ್ಲಿ ನಮ್ಮಪ್ಪನಿಗೆ ಸ್ಟ್ರೋಕ್ ಆದಾಗ ಪ್ರತಿ ರಾತ್ರಿ ವಿಡಿಯೋ ಕಾಲ್‌ನಲ್ಲಿ ಕೇಳುತ್ತಿದ್ದದ್ದು ಒಂದೇ: ಊಟ ಆಯ್ತಾ, ಮಾತ್ರೆ ಕೊಟ್ರಾ, ಬಿಪಿ ಎಷ್ಟಿತ್ತು. ಅಮ್ಮ ಫೋನನ್ನು ಅಪ್ಪನ ಕಡೆ ತಿರುಗಿಸಿ “ನೋಡು, ಆರಾಮಾಗಿ ಮಲಗಿಸಿದೀವಿ” ಅನ್ನುತ್ತಿದ್ದಳು. ಏಜೆನ್ಸಿಯಿಂದ ಬಂದ ಹೋಮ್ ನರ್ಸ್ ಹುಡುಗ ಗಟ್ಟಿಮುಟ್ಟಾಗಿದ್ದ, ಅಪ್ಪನನ್ನು ಮಗುವಿನ ಹಾಗೆ ಎತ್ತಿ ಬಾತ್‌ರೂಮಿಗೆ ಒಯ್ಯುತ್ತಿದ್ದ. ಎಷ್ಟು ಒಳ್ಳೆ ಹುಡುಗ ಸಿಕ್ಕಿದ ಅಂತ ನಾವೆಲ್ಲ ಖುಷಿಪಟ್ಟೆವು. ಆ ಹುಡುಗ ಒಳ್ಳೆಯವನೇ. ಅಪ್ಪನ ಎಡಗಾಲು ಆರು ತಿಂಗಳು ನೆಲ ಮುಟ್ಟಲಿಲ್ಲ. ನರ್ಸ್ ಆಗಿರುವ ನಾನೇ “ಅಪ್ಪಾಜಿ, ಇವತ್ತು ಎದ್ದು ಕೂತ್ರಾ? ಪಾದ ನೆಲಕ್ಕೆ ಇಟ್ರಾ?” ಅಂತ ಕೇಳಲಿಲ್ಲ. ಇಲ್ಲಿ ಅಪರಿಚಿತರ ಪಾದ ಎಲ್ಲಿದೆ ಅಂತ ದಿನಾ ನೋಡುವವಳಿಗೆ ಅಲ್ಲಿ ಮುಖ ಒಂದೇ ಕಾಣುತ್ತಿತ್ತು. ಫೋನಿನ ಪರದೆ ಅಷ್ಟೇ ತೋರಿಸೋದು.

ಅಂದ ಹಾಗೆ, ಜರ್ಮನಿಯಲ್ಲಿ ಮನೆಯಲ್ಲೇ ಆರೈಕೆ ಮಾಡುವ ಕುಟುಂಬದವರಿಗೆ ಆರೈಕೆ ವಿಮೆಯವರು ಉಚಿತವಾಗಿ ತರಬೇತಿ ಕೊಡಬೇಕು ಅಂತ ಕಾನೂನಿದೆ. ಇಲ್ಲಿ ಅತ್ತೆ ಮಾವ ಜೊತೆಗಿದ್ದರೆ ಕೇಳಿ ನೋಡಿ.

ಕೊನೆಯಲ್ಲಿ ಜಾರ್ಜ್ ನೋವಿನಿಂದ ಕೂಗುತ್ತಿರುವ ಆನ್‌ಳ ಪಕ್ಕ ಕೂತು, ಕೈ ಸವರುತ್ತಾ, ತನ್ನ ಬಾಲ್ಯದ ಕಥೆಯೊಂದನ್ನು ಹೇಳುತ್ತಾನೆ. ಅವಳು ಶಾಂತವಾಗುತ್ತಾಳೆ. ಆಮೇಲೆ ದಿಂಬನ್ನು ಅವಳ ಮುಖದ ಮೇಲೆ ಒತ್ತುತ್ತಾನೆ. ಹೊದಿಕೆಯ ಕೆಳಗೆ ಕಾಲುಗಳು ಒದ್ದಾಡುತ್ತವೆ. ಚಿತ್ರದಲ್ಲಿ ಅವಳ ದೇಹ ತಾನಾಗಿ ಮಾಡುವ ಕೊನೆಯ ಚಲನೆ ಅದು. ದಯೆ ಅನ್ನುವವರು ಅಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೇನೋ. ಹಾನೆಕೆ ಮುಚ್ಚಿಕೊಂಡಿಲ್ಲ, ಅದಕ್ಕೆ ಅವನಿಗೆ ಗೌರವ ಸಲ್ಲಬೇಕು.

ಅದಾದ ಮೇಲೆ ಒಂದು ವಿಚಿತ್ರ ದೃಶ್ಯ. ಜಾರ್ಜ್ ಮಲಗಿದ್ದಾನೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಎದ್ದು ಹೋದರೆ ಆನ್ ಸಿಂಕಿನ ಮುಂದೆ ನಿಂತಿದ್ದಾಳೆ, ತನ್ನ ಎರಡೂ ಕಾಲ ಮೇಲೆ. ಇದು ಮುಗಿಯುತ್ತೆ, ನೀನು ಚಪ್ಪಲಿ ಹಾಕಿಕೋ ಅನ್ನುವ ಹಾಗೆ ಏನೋ ಹೇಳುತ್ತಾಳೆ. ಅವನು ಅವಳಿಗೆ ಕೋಟು ತೊಡಲು ನೆರವಾಗುತ್ತಾನೆ. ನೀನು ಕೋಟು ಹಾಕಿಕೊಳ್ಳಲ್ವಾ ಅಂತ ಅವಳು ಕೇಳುತ್ತಾಳೆ. ಇಬ್ಬರೂ ಹೊರಗೆ ಹೋಗುತ್ತಾರೆ. ಇಲ್ಲಿ ಎಬ್ಬಿಸುವವಳು ಆನ್, ಏಳುವವನು ಜಾರ್ಜ್. ಇದು ಅವನ ಭ್ರಮೆಯೋ ಸಾವೋ ಅಂತ ಚರ್ಚೆ ನಡೆದೇ ಇದೆ. ಅವಳು ಅವನನ್ನು ಮುಟ್ಟಿ ಎಳೆಯಲಿಲ್ಲ, ಮಾತಿನಲ್ಲೇ ಹೊರಡಿಸಿದಳು. ನಾನು ಗಮನಿಸಿದ್ದು ಇಷ್ಟು.

ಕೊನೆಯ ಶಾಟ್‌ನಲ್ಲಿ ಖಾಲಿ ಮನೆಗೆ ಎವಾ ಬರುತ್ತಾಳೆ. ಒಂದೊಂದೇ ಕೋಣೆ ನೋಡಿಕೊಂಡು ಬಂದು ಒಂದು ಕುರ್ಚಿಯಲ್ಲಿ ಕೂರುತ್ತಾಳೆ. ಎರಡನೆಯ ಸಲ ನೋಡುವಾಗ ನಾನು ಅವಳ ಮುಖ ನೋಡಲಿಲ್ಲ, ಅವಳು ಏಳುವುದಾದರೆ ಪಾದ ಎಲ್ಲಿಡುತ್ತಾಳೆ ಅಂತ ಕಾಯುತ್ತಿದ್ದೆ. ಅಷ್ಟರಲ್ಲಿ ತೆರೆ ಕಪ್ಪಾಯಿತು.